ತಂತಿ ತಾತನಿಗೆ ಸಿಗದ ಸಿಳ್ಳೆ

ಬಂಗಾರಪೇಟೆಯ ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕಾಲು ನಿಧಾನವಾಗುತ್ತದೆ. ತಾಮ್ರದ ತಂತಿಯ ಮೇಲಿನ ಬಣ್ಣ ಸುಟ್ಟ ವಾಸನೆ... ಮೊನ್ನೆಯಂತೂ ಹಾಲಿನ ಕ್ಯಾನು ಹಿಡಿದುಕೊಂಡು ನಿಂತೇಬಿಟ್ಟೆ. ನಮ್ಮ ಹೊಲದ ಬದುವಿನ ಮೇಲೆ ಕುಳಿತು, ಬೆಂಕಿಕಡ್ಡಿ ಗೀರಿ ತಂತಿಯ ತುದಿ ಸುಡುತ್ತಿದ್ದ ತಾತ ಕಣ್ಣಮುಂದೆ ಬಂದರು.

ಊರಿಗೆಲ್ಲ ಅವರು ತಂತಿ ತಾತ. ಊರಿಗಾಂ ಲೈನಿನವರು, ಅಂದರೆ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯವರು, ಗಣಿಯೊಳಗೆ ಡ್ರಿಲ್ಲಿಂಗ್ ಮಿಷನ್ ಹಿಡಿದೇ ಆಯಸ್ಸು ಸವೆಸಿದವರು. ಗಣಿ ಮುಚ್ಚಿದ ಮೇಲೆ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ಹಿಡಿದಿತ್ತು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ದಿನ ನಮ್ಮ ಮಾವನ ಬಳಿ ಬಂದರು. ಹೊಲದ ಎರಡು ಹುಣಸೆಮರಗಳ ನಡುವೆ ತಂತಿ ಕಟ್ಟಬೇಕಂತೆ. ಲೈನಿನಲ್ಲಿ ಕರೆಂಟಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲವಂತೆ.

ಕೇಳಬೇಕಾದದ್ದು ಏನು ಅಂದರೆ, ಮಿಂಚಿನ ಸಿಳ್ಳೆ! ಎಲ್ಲೋ ಸಮುದ್ರದಾಚೆ ಮಿಂಚು ಹೊಡೆಯುತ್ತದಂತೆ. ಅದರಿಂದ ಹೊರಟ ಅಲೆ ನಮ್ಮ ಗಾಳಿಯನ್ನು ದಾಟಿ ಮೇಲೇರುತ್ತದಂತೆ. ಅಲ್ಲಿ ವಿದ್ಯುತ್ ತುಂಬಿದ ಕಣಗಳ ತೆಳು ಹರವು ಇದೆಯಂತೆ, ಪ್ಲಾಸ್ಮಾ ಅಂತ ಅದರ ಹೆಸರು. ಭೂಮಿಯೇ ಒಂದು ಅಯಸ್ಕಾಂತವಲ್ಲವೇ, ಅದರ ಸೆಳೆತದ ಗೆರೆ ಹಿಡಿದು ಆ ಅಲೆ ಬಿಲ್ಲಿನ ಹಾಗೆ ಬಾಗಿ ಈ ಕಡೆ ಇಳಿಯುತ್ತದಂತೆ. ಸಣ್ಣ ದನಿ ಮೊದಲು ತಲುಪಿ ದಪ್ಪ ದನಿ ಹಿಂದೆ ಉಳಿಯುವುದರಿಂದ ಸಿಳ್ಳೆ ಜಾರಿದಂತೆ ಕೇಳುತ್ತದಂತೆ. ಚಳಿ ದೇಶಗಳಲ್ಲಿ ಆಗಾಗ ಕೇಳುವ ಅದು ನಮ್ಮ ಬಿಸಿಲು ಸೀಮೆಗೆ ಇಳಿಯುವುದು ತೀರಾ ಅಪರೂಪವಂತೆ.

ಇಷ್ಟು ಕೇಳಿದ ಮೇಲೆ, ಇವರು ಹುಡುಕುತ್ತಿರುವುದು ಬಂಗಾರವನ್ನೇ ಎಂಬ ಅನುಮಾನ ನಮ್ಮ ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಯಿತು. ಗಣಿಯಲ್ಲಿ ದುಡಿದ ಮನುಷ್ಯ ನೆಲಕ್ಕೆ ಕಬ್ಬಿಣದ ಕಡ್ಡಿ ಹೊಡೆದು, ಅದಕ್ಕೆ ತಂತಿ ಸುತ್ತಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಆಕಾಶದ ಮಾತನ್ನು ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ.

"ನೋಡ್ದೇನಮ್ಮಾ," ಎಂದರು ಮಾವ. "ಬೆಟ್ಟು ತೋರ್ಸೋದು ಮ್ಯಾಕೆ, ಕಡ್ಡಿ ಒಡೆಯೋದು ನೆಲಕ್ಕೆ. ಬಂಗಾರ ಐತೆ ಅಂತ ಗೊತ್ತಾದ್ರೆ ಸರ್ಕಾರದೋರು ಒಲಾನೇ ಕಿತ್ಕೊಂತಾರೆ."

ಹಾಗಿದ್ದೂ ಒಪ್ಪಿದರು. ಪಕ್ಕದವರ ಹೊಲದಲ್ಲಿ ಕೂರುವುದಕ್ಕಿಂತ ನಮ್ಮ ಕಣ್ಣಳತೆಯಲ್ಲಿ ಇರಲಿ ಎಂಬುದು ಅವರ ಲೆಕ್ಕಾಚಾರ. ನಾವು ಹಾಲು ಕರೆಯುವ ಹೊತ್ತಿಗೆ ತಾತ ಬಂದು ಕೂರುತ್ತಿದ್ದರು. ಮಾವ ಹುಲ್ಲು ಕೊಯ್ಯುವ ನೆಪದಲ್ಲಿ ಅವರ ಸುತ್ತಲೇ ಸುಳಿದಾಡುತ್ತಿದ್ದರು.

ತಾತನ ಕಷ್ಟ ತಿಳಿದದ್ದು ಆಮೇಲೆ. ಮಿಷನ್ ಸದ್ದಿಗೆ ಕಿವಿ ಕೆಟ್ಟು ಸಣ್ಣ ದನಿಗಳು ಅವರಿಗೆ ಕೇಳುತ್ತಲೇ ಇರಲಿಲ್ಲ. ಅವರಿಗೆ ನಮ್ಮ ಹೊಲ ಮಾತ್ರ ಸಾಲದು, ಇನ್ನೊಬ್ಬರ ಕಿವಿಯೂ ಬೇಕಿತ್ತು. ಸಾಯುವುದರೊಳಗೆ ಒಂದು ಸಲ ಬಂತು ಅಂತ ಯಾರಾದರೂ ಹೇಳಿದರೆ ಸಾಕು ಎನ್ನುತ್ತಿದ್ದರು. ಹಾಗೆಂದೇ ದಿನವೂ ಹೆಡ್‌ಫೋನನ್ನು ಮಾವನ ಕಿವಿಗೆ ಕೊಡುತ್ತಿದ್ದರು. ಮಾವನೂ ಖುಷಿಯಾಗಿಯೇ ಹಾಕಿಕೊಳ್ಳುತ್ತಿದ್ದರು. ಬಂಗಾರದ ಸುಳಿವು ಮೊದಲು ತನಗೇ ಸಿಗಲಿ ಅಂತ!

ಒಂದು ಮುಂಜಾನೆ ನಾನು ಕಾಫಿ ಒಯ್ದಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಮಾವನ ಹುಬ್ಬು ಥಟ್ಟನೆ ಮೇಲೇರಿತು. ಕೈ ಹುಲ್ಲಿನ ಮೇಲೆ ಬಿಗಿಯಾಯಿತು.

"ಕೇಳ್ಸ್ತಾ ಸಾಮಿ? ಸಿಳ್ಳೆ ಬಂತಾ?" ತಾತ ಮುಂದಕ್ಕೆ ಬಾಗಿದರು.

"ಏನೂ ಇಲ್ಲ ಕಣಣ್ಣ. ಬರೀ ಚಟಪಟ."

ತಾತ ತಲೆಯಾಡಿಸಿ ಕಾಫಿ ಕುಡಿದರು. ಅವರು ಅತ್ತ ಹೋದದ್ದೇ ತಡ, ಮಾವ ಹಾರೆ ತಂದು ಕಡ್ಡಿ ಹೊಡೆದಿದ್ದ ಜಾಗವನ್ನು ಅಗೆದರು. ಸಿಕ್ಕಿದ್ದು ಕಲ್ಲು. ಮರುದಿನ ತಾತ ಗುಂಡಿ ನೋಡಿದರು. ಹೆಗ್ಗಣ ತೋಡಿದ್ದು ಎಂದರು ಮಾವ. ಸೊಂಟದಾಳದ ಗುಂಡಿ ತೋಡುವ ಹೆಗ್ಗಣ! ತಾತ ಕಡ್ಡಿಯನ್ನು ಬೇರೆ ಕಡೆ ಹೊಡೆದರು. ಆಮೇಲೆ ಮಂಡಿನೋವು ಶುರುವಾಗಿ ಬರುವುದೇ ನಿಂತಿತು...

ಕಳೆದ ವರ್ಷ ಅವರ ಹೆಂಡತಿ ನಮ್ಮ ಮನೆಗೆ ಬಂದರು. ತಾತ ತೀರಿಕೊಂಡ ಸುದ್ದಿ ತಂದಿದ್ದರು. "ಯಾವಾಗ್ಲೂ ಹೇಳ್ತಿದ್ರಮ್ಮಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಹೊಲದೋರು ಒಳ್ಳೇವ್ರು, ನನ್ ಕಿವಿ ಹೋಗಿದ್ದಕ್ಕೆ ಅವ್ರ ಕಿವಿ ಕೊಟ್ರು ಅಂತ." ಮಾವ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದರು.

ಆಕೆ ಹೋದ ಮೇಲೆ ನಾನು ಬಿಡಲಿಲ್ಲ. "ಮಾವ, ಅವತ್ತು ಏನ್ ಕೇಳಿಸ್ತು? ದಿಟ ಹೇಳಿ."

ಮಾವ ಬಾಗಿಲ ಕಡೆ ನೋಡಿದರು. ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ತುಟಿ ಚೂಪು ಮಾಡಿ ಮೆಲ್ಲಗೆ ಸಿಳ್ಳೆ ಹಾಕಿದರು. ಮೇಲಿನ ದನಿಯಲ್ಲಿ ಹುಟ್ಟಿ, ಜಾರುತ್ತಾ ಜಾರುತ್ತಾ ಕೆಳಗಿಳಿದು ನಿಂತಿತು.

"ಇಂಗೆ," ಎಂದರು. "ಒಂದೇ ದಪ."

ಈ ಒಂದು ಮಾತನ್ನು ಅವತ್ತೇ ತಾತನಿಗೆ ಹೇಳಬಾರದಿತ್ತೇ ಅನ್ನಿಸಿತು. ಆದರೆ ಈ ಮನೆಯ ಗುಣ ನನಗೂ ಅಂಟಿದೆ ನೋಡಿ, ಅನುಮಾನ ಈಗಲೂ ಬಿಡುವುದಿಲ್ಲ. ಮಾವ ನಿಜವಾಗಿ ಕೇಳಿದ್ದರೋ, ಅಥವಾ ಹೋದವರ ಸಮಾಧಾನಕ್ಕೆ ತಾತ ವಿವರಿಸಿದ್ದನ್ನೇ ಸಿಳ್ಳೆ ಮಾಡಿ ತೋರಿಸಿದರೋ... ಹೌದು ಅದೇ ಅಂತಲೋ, ಅಲ್ಲ ಅದಲ್ಲ ಅಂತಲೋ ಹೇಳಬಲ್ಲವರು ತಾತ ಒಬ್ಬರೇ ಇದ್ದರು.