ರೋಮ್‌ನ ಮೆಟ್ಟಿಲ ಮೇಲೆ ಅಮ್ಮನ ಹಲ್ವಾ

ಸ್ನೇಹಿತರೇ, ಇವತ್ತು ಒಮಾನಿನ ಸೀಬ್‌ನಲ್ಲಿರುವ ನಮ್ಮ ಮನೆಯಲ್ಲಿ ಮೊಮ್ಮಗಳು ತೊಂಬತ್ತರ ದಶಕದ ಆಲ್ಬಮ್ ತೆರೆದು ಕೇಳಿದಳು: "ಅಜ್ಜ, ರೋಮ್‌ಗೆ ಹೋಗಿಯೂ ವೈ ಸೋ ಸ್ಯಾಡ್?"

ಫೋಟೋದಲ್ಲಿ ನಾನೂ ನನ್ನಾಕೆಯೂ ಚರ್ಚಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದೇವೆ.

ವರ್ಷದ ಕೊನೆಯಲ್ಲಿ ಆಫೀಸಿನಲ್ಲಿ ಯಾರಿಗೂ ರಜೆ ಸಿಗುತ್ತಿರಲಿಲ್ಲ. ನಮಗೋ ರೋಮ್ ನೋಡುವ ಆಸೆ. ಹಾಗಾಗಿ ನಮ್ಮ ಒಮಾನಿ ಯಜಮಾನರ ಹತ್ತಿರ, ಊರಲ್ಲಿ ಅಮ್ಮನಿಗೆ ತೀರಾ ಹುಷಾರಿಲ್ಲ ಎಂದಿದ್ದೆ. ಅಮ್ಮ ಉಡುಪಿಯಲ್ಲಿ ಗಟ್ಟಿಮುಟ್ಟಾಗಿ ಹಪ್ಪಳ ಒಣಗಿಸುತ್ತಿದ್ದರು. ಯಜಮಾನರು ಮರುಮಾತಿಲ್ಲದೆ ರಜೆ ಕೊಟ್ಟು, ಅಮ್ಮನಿಗೆಂದು ಒಂದು ಡಬ್ಬ ಒಮಾನಿ ಹಲ್ವಾವನ್ನೂ ಕೈಗಿಟ್ಟರು.

ರೋಮ್‌ನಲ್ಲಿ ಮೂರು ದಿನ ಬರೀ ಬ್ರೆಡ್ಡು ತಿಂದು ನಾಲಿಗೆ ಕೆಟ್ಟು, ಆ ಡಬ್ಬ ಬಿಚ್ಚಿದೆವು. ಎರಡನೇ ಚಮಚಕ್ಕೆ ಎದುರಿಗೆ ಯಜಮಾನರು, ಹೆಂಡತಿ ಮಕ್ಕಳ ಸಮೇತ! ಅವರು ಡಬ್ಬ ನೋಡಿದರು. ನಾನು ನೆಲ ನೋಡಿದೆ.

"ಮಾ ಕೈಸೀ ಹೈ?" ಎಂದು ಹಿಂದಿಯಲ್ಲಿ ಕೇಳಿದರು.

"ಠೀಕ್ ಹೈ, ಸರ್." ಎನ್ನುತ್ತಾ ಡಬ್ಬಕ್ಕೆ ಮುಚ್ಚಳ ಹಾಕಿದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ನನ್ನ ಕ್ಯಾಮೆರಾ ಇಸಿದುಕೊಂಡು ಈ ಫೋಟೋ ತೆಗೆದರು. "ಅಮ್ಮನಿಗೆ ಕಳಿಸು, ಬೇಗ ಗುಣವಾಗ್ತಾರೆ" ಎಂದು ನಕ್ಕು ಹೊರಟುಹೋದರು.

"ಅಮ್ಮನ ಹೆಸರಲ್ಲಿ ಸುಳ್ಳು ಬೇಡಾಂತ ಎಷ್ಟು ಬಡ್ಕೊಂಡೆ!" ಎಂದಳು ನನ್ನಾಕೆ, ಚಮಚ ಕೈಯಲ್ಲಿ ಹಿಡಿದುಕೊಂಡೇ.

ಇವತ್ತು ಮೊಮ್ಮಗಳಿಗೆ ಏನು ಹೇಳಿದೆ ಗೊತ್ತೇ? "ಬಿಸಿಲು ಕಣ್ಣಿಗೆ ಹೊಡೀತಿತ್ತು ಮಗಾ."

ಅವಳು ಫೋಟೋವನ್ನು ಇನ್ನೊಮ್ಮೆ ನೋಡಿದಳು. ಅದರಲ್ಲಿ ನಮ್ಮ ಮೈಮೇಲೆ ದಪ್ಪ ಸ್ವೆಟರ್, ಆಕಾಶದ ತುಂಬ ಕಪ್ಪು ಮೋಡ. ಥೇಟ್ ಯಜಮಾನರ ಹಾಗೆಯೇ ನಕ್ಕು, ಪುಟ ಮಗುಚಿದಳು.