ಕೊರಿಂಥ್ ಕಂಬಕ್ಕೆ ಜೀಗುಜ್ಜೆ ಎಲೆ

ದೋಹಾದಲ್ಲಿ ಗ್ರೀಕ್ ಕಂಬ ಬೇಕೆಂದರೆ ಗ್ರೀಸಿನವರನ್ನು ಹುಡುಕಬೇಕಿಲ್ಲ, ಮೂಲ್ಕಿಯ ನಮ್ಮ ಸಂಕಪ್ಪನನ್ನು ಕೇಳಿದರೆ ಸಾಕು. ವಾಸ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ, ಕೆಲಸ ಪಕ್ಕದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಚ್ಚಿಗೆ ಎರಕ ಹೊಯ್ಯುವ ಶೆಡ್ಡಿನಲ್ಲಿ. ಪುರಾತನ ಕೊರಿಂಥ್ ಪಟ್ಟಣದ ಶೈಲಿ ಅಂತಾರಲ್ಲ, ಕಂಬದ ತಲೆಗೆ ಸುತ್ತಲೂ ಎಲೆ, ಅಂಥವನ್ನು ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ವಿಲ್ಲಾಗಳಿಗೆ ಕೂರಿಸಿದ್ದಾನೋ! ಆದರೆ ಅದರಲ್ಲಿ ಒಂದು ಎಲೆಯೂ ಅವನದಲ್ಲ. ಎಲ್ಲ ಹಳೆಯ ರಬ್ಬರ್ ಅಚ್ಚಿನದು.

ಆ ಅಚ್ಚು ಈ ಸಲ ಹರಿದೇಹೋಯಿತು. ದೋಹಾದ ಅಬು ಹಮೂರಿನಲ್ಲಿ ಮಹಮೂದ್ ಎಂಬವರ ಹೊಸ ಮನೆಗೆ ಎಂಟು ಕಂಬ ಆಗಬೇಕಿತ್ತು. ಸಂಕಪ್ಪ ಮೊದಲ ಬಾರಿ ಜೇಡಿಮಣ್ಣಿನಲ್ಲಿ ತಾನೇ ಮಾದರಿ ಕೆತ್ತಿದ, ನೆನಪಿನಿಂದ. ಎಂಟನ್ನೂ ಎರಕ ಹೊಯ್ದು ಕೂರಿಸಿದ ಮೇಲೆ ಹಿರಿಹಿರಿ ಹಿಗ್ಗಿ ಊರಲ್ಲಿದ್ದ ಹೆಂಡತಿ ಪೂವಕ್ಕನಿಗೆ ಫೋಟೊ ಕಳಿಸಿದ.

ಪೂವಕ್ಕ ಆ ವಾರವಿಡೀ ಒಂದೇ ರಾಗ ಎಳೆಯುತ್ತಿದ್ದಳು: ಅಂಗಳದ ಜೀಗುಜ್ಜೆಯ, ಅಂದರೆ ದೀವಿಹಲಸಿನ, ಕೊಂಬೆ ಮಾಡಿನ ಹಂಚಿಗೆ ತಾಗುತ್ತಿದೆ, ಕಡಿಸಲಾ? ಫೋಟೊ ನೋಡಿದವಳೇ ಫೋನ್ ಮಾಡಿ ನಕ್ಕಳು. "ಎಂತ ಮಾರಾಯ್ರೆ, ನಾನು ಕಡಿಸ್ಲಿಕ್ಕೆ ಹೊರಟ ಮರವನ್ನು ನೀವು ಅಲ್ಲಿ ಕಂಬ ಹತ್ತಿಸಿದ್ದೀರಿ! ಇದು ನಮ್ಮ ಜೀಗುಜ್ಜೆ ಎಲೆಯಲ್ವಾ?"

ಸಂಕಪ್ಪ ಫೋಟೊ ದೊಡ್ಡದು ಮಾಡಿ ನೋಡಿದ. ಹೌದು, ಬೆರಳು ಬಿಡಿಸಿದ ಅಂಗೈಯಂಥ ಅದೇ ಅಗಲ ಎಲೆ. ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಸುಮ್ಮನಿದ್ದರೆ ದಾಟಿಹೋಗುತ್ತಿತ್ತು. ಹೇಳಿದರೆ ಎಂಟನ್ನೂ ಒಡೆಸಿಬಿಟ್ಟಾರು. ಆದರೆ ಒಳಗೊಂದು ಹೊರಗೊಂದು ಅವನಿಂದಾಗದ ಮಾತು. ಮರುದಿನ ಮಹಮೂದ್ ಕೆಲಸ ನೋಡಲು ಬಂದಾಗ ಅವರ ಎದುರಿಗೇ ಎಂಜಿನಿಯರ್ ಮೆಲನಿಗೆ, "ಮೇಡಂ, ಎಲೆ ತಪ್ಪಿದೆ. ಇದು ಗ್ರೀಕ್ ಅಲ್ಲ, ನನ್ನ ಮನೆಯದ್ದು," ಎಂದುಬಿಟ್ಟ.

ಮೆಲನಿ ಮಂಗಳೂರಿನವಳು, ಜೀಗುಜ್ಜೆ ತಿಂದು ಬೆಳೆದವಳು. ನಗು ನುಂಗಿಕೊಂಡು ಮಹಮೂದರಿಗೆ ಅವನ ಮಾತು ತಿಳಿಸಿ, ಜೊತೆಗೊಂದು ಹಳೆಯ ಕತೆಯನ್ನೂ ಹೇಳಿದಳು. ಕೊರಿಂಥಿನಲ್ಲಿ ತೀರಿಕೊಂಡ ಹುಡುಗಿಯೊಬ್ಬಳ ಸಮಾಧಿಯ ಮೇಲೆ ಅವಳ ದಾದಿ ಒಂದು ಬುಟ್ಟಿ ಇಟ್ಟು, ಮೇಲೆ ಹಂಚು ಮುಚ್ಚಿದಳಂತೆ. ಅಡಿಯಲ್ಲಿದ್ದ ಕಾಡುಗಿಡ ಚಿಗುರಿ ಬುಟ್ಟಿಯನ್ನು ತಬ್ಬಿಕೊಂಡಿತಂತೆ. ಆ ದಾರಿಯಲ್ಲಿ ಬಂದ ಶಿಲ್ಪಿ ಅದನ್ನೇ ಕಂಬಕ್ಕೆ ಕೆತ್ತಿದನಂತೆ. "ಅವನು ಕೆತ್ತಿದ್ದೂ ಅವನ ಊರಿನ ಎಲೆಯೇ, ಸರ್."

ಮಹಮೂದ್ ಕತ್ತೆತ್ತಿ ಕಂಬಗಳನ್ನು ಒಂದೊಂದಾಗಿ ನೋಡಿದರು.

"ಈ ಮರದ ಕಾಯಿ ತಿನ್ನಬಹುದಾ?" ಹರಕು ಹಿಂದಿಯಲ್ಲಿ ಕೇಳಿದರು.

"ಕಡ್ಲೆಹಿಟ್ಟಲ್ಲಿ ಅದ್ದಿ ಪೋಡಿ ಕರಿದರೆ ತಟ್ಟೆ ಬಿಡ್ಲಿಕ್ಕಾಗುದಿಲ್ಲ, ಸರ್."

"ಖಲಾಸ್, ಮಾತು ಮುಗಿಯಿತು, ಇದೇ ಎಲೆ ಇರಲಿ. ಅತಿಥಿಗಳ ಕೋಣೆಗೂ ನಾಲ್ಕು ಮಾಡು."

ಸಂಕಪ್ಪ ನಿಂತಲ್ಲಿಂದಲೇ ಊರಿಗೆ ಫೋನ್ ಹಚ್ಚಿದ.

"ಪೂವಕ್ಕಾ, ಕೊಂಬೆ ಕಡಿಸ್ಬೇಡ ಮಾರಾಯ್ತಿ," ಎಂದ. "ಬೇಕಾದ್ರೆ ಹಂಚು ಸರಿಸು."