ಮಾಸ್ಟ್ರು ಕಾಯುತ್ತಿದ್ದ ಜಾಗ

ಅವರ ಎಡಗೈಯ ಕಿರುಬೆರಳು ಎಂದೂ ನೆಟ್ಟಗಾಗುತ್ತಿರಲಿಲ್ಲ. ಎಳವೆಯಲ್ಲಿ ಊರಿನ ಇಗರ್ಜಿಯ ಹಾರ್ಮೋನಿಯಂ ಮುಚ್ಚಳ ಬಿದ್ದು ಮುರಿದದ್ದಂತೆ. 'ಮೆಲ್ಲಗೆ' ಎಂದು ವಾದ್ಯದವರಿಗೆ ಅಂಗೈ ತೋರಿಸುವಾಗ ಆ ಬೆರಳು ಮಾತ್ರ ಬೇರೆಯಾಗಿ ಕೆಳಗೆ ಬಾಗಿ ನಿಲ್ಲುತ್ತಿತ್ತು. ಹೊಸದಾಗಿ ಸೇರಿದ ಕ್ಲಾರಿನೆಟ್‌ನವನು ಅದು ತನಗೇ ಕೊಡುವ ಸನ್ನೆ ಎಂದುಕೊಂಡು, ಆರು ತಿಂಗಳು ಅದನ್ನು ಕಂಡಾಗಲೆಲ್ಲ ವಾದ್ಯ ಬಾಯಿಂದ ತೆಗೆದುಬಿಡುತ್ತಿದ್ದ. ಗೊತ್ತಾದ ಮೇಲೆ ಅವರು ಹೇಳಿದ್ದು ಇಷ್ಟೇ: "ಇರ್ಲಿ ಮಾರಾಯ್ರೆ, ನನ್ನ ಕೈ ನೋಡುವವ ಒಬ್ಬನಾದ್ರೂ ಇದ್ದಾನಲ್ಲ."

ನಾವೆಲ್ಲ ಅವರನ್ನು ಮಾಸ್ಟ್ರು ಎನ್ನುತ್ತಿದ್ದೆವು. ಅವರು ನಮ್ಮನ್ನು ವಾದ್ಯದ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ವಯಲಿನ್, ನನ್ನ ಹೆಂಡತಿ ಮಿಸೆಸ್ ವಯಲಿನ್. ವಾರವಿಡೀ ಅವರು ಕುವೈತಿನ ಅಹ್ಮದಿಯ ಕಂಪೆನಿಯೊಂದರ ಗೋದಾಮಿನಲ್ಲಿ ಪೈಪು, ವಾಲ್ವು ತೆಗೆದುಕೊಡುವ ಸ್ಟೋರ್‌ಕೀಪರ್. ಶುಕ್ರವಾರ ಬಂತೆಂದರೆ ಅಬು ಹಲೀಫಾದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಆರ್ಕೆಸ್ಟ್ರಾದ ಕಂಡಕ್ಟರ್, ಕೋಲು ಬೀಸಿ ಎಲ್ಲ ವಾದ್ಯಗಳನ್ನೂ ಒಟ್ಟಿಗೆ ನಡೆಸುವವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದವರೂ ಅವರೇ.

ಹುಟ್ಟಿದ್ದು ಮಂಗಳೂರಿನ ಹತ್ತಿರ, ಕೊಂಕಣಿ ಮನೆಯಲ್ಲಿ. ಪ್ರಾಯದಲ್ಲಿ ಮುಂಬಯಿಗೆ ಹೋಗಿ ಒಪೆರಾ ತಂಡವೊಂದರಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿದರು. ಒಪೆರಾ ಎಂದರೆ ಮಾತೆಲ್ಲ ಹಾಡಾಗಿರುವ ನಾಟಕ. ಹಗ್ಗ ಹಿಡಿದು ನಿಂತಲ್ಲೇ ಇಡೀ ನಾಟಕ ಬಾಯಿಪಾಠವಾಯಿತು. ಒಂದು ಸಂಜೆ ಕಂಡಕ್ಟರಿಗೆ ಜ್ವರ ಬಂದು ಇವರೇ ಕೋಲು ಹಿಡಿದರು. ಆಮೇಲೆ ಹದಿನೈದು ವರ್ಷ ಅದನ್ನು ಕೆಳಗಿಡಲಿಲ್ಲ. ತಂಡ ಮುಚ್ಚಿದ ಮೇಲೆ ಕುವೈತಿನ ಹೋಟೆಲೊಂದರ ಬ್ಯಾಂಡಿಗೆ ಬಂದರು. ಬ್ಯಾಂಡೂ ಮುಚ್ಚಿತು, ಗೋದಾಮು ಸಿಕ್ಕಿತು. "ಇಲ್ಲಿ ಒಂದೇ ಒಂದು ಒಪೆರಾ ನಡೆಸ್ಲಿಕ್ಕೆ ಉಂಟು. ಮತ್ತೆ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿ ಊರಿಗೆ" ಎನ್ನುತ್ತಲೇ ಇದ್ದರು. ಅವರಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ ಎಂದು ನಮಗೆಲ್ಲ ಗೊತ್ತಿತ್ತು.

ಕೊನೆಗೂ ಆ ಒಪೆರಾ ಹತ್ತಿರ ಬಂತು. ಇಟಲಿಯ ಹಳೆಯದೊಂದು. ನಾಯಕಿಯ ಪಾತ್ರಕ್ಕೆ ಜಹ್ರಾದ ಆಸ್ಪತ್ರೆಯೊಂದರ ನರ್ಸ್, ಅವಳೂ ನಮ್ಮ ಕರಾವಳಿಯ ಕೊಂಕಣಿ ಹುಡುಗಿ. ಡ್ಯೂಟಿ ಮುಗಿಸಿ, ಧೂಳಿನಲ್ಲಿ ಅಷ್ಟು ದೂರ ಬಂದು, ಚಹಾ ಸಹ ಕುಡಿಯದೆ ಹಾಡುತ್ತಿದ್ದಳು. ಮಾಸ್ಟ್ರು ಪ್ರತಿ ಹಾಡಿಗೂ ಮೊದಲು "ಯಲ್ಲಾ, ಉಸಿರು ತೆಗೀರಿ" ಎನ್ನುವರು. "ಅವಳು ತೆಗೆದ್ರೆ ಸಾಲದಾ? ನಮಗೆಂತಕ್ಕೆ?" ಎಂದು ನಾನೊಮ್ಮೆ ಕೇಳಿದ್ದೆ. "ಅವಳ ಜೊತೆ ನೀವೂ ತೆಗಿಬೇಕು. ಇಲ್ಲದಿದ್ರೆ ಅವಳು ಒಬ್ಬಳೇ ಆಗ್ತಾಳೆ" ಎಂದಿದ್ದರು. ಮುದುಕರ ಮಾತು ಎಂದು ಬಿಟ್ಟುಬಿಟ್ಟೆ.

ನಾನು ಉಡುಪಿಯಲ್ಲಿ ಕರ್ನಾಟಕ ಸಂಗೀತ ಕಲಿತವನು. ಶ್ರುತಿ ತಾಯಿ, ಲಯ ತಂದೆ ಎಂದು ತೊಡೆಗೆ ಪೆಟ್ಟು ತಿಂದು ಕಲಿತದ್ದು. ಎರಡನೆಯ ಅಂಕದ ದೊಡ್ಡ ಹಾಡಿನಲ್ಲಿ, ಒಂದೇ ಜಾಗದಲ್ಲಿ, ಮಾಸ್ಟ್ರ ಕೈ ಪ್ರತಿಸಲ ಕೂದಲೆಳೆಯಷ್ಟು ತಡವಾಗುತ್ತಿತ್ತು. ನನಗದು ಅನ್ನದಲ್ಲಿ ಕಲ್ಲು ಸಿಕ್ಕಂತೆ. ಅದೇ ದಿನಗಳಲ್ಲಿ ಫಿಂಟಾಸಿನ ಒಂದು ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಅವರು ನಿಂತಿದ್ದನ್ನು ಕಂಡೆ. ಮೇಲೆ ಬೋರ್ಡು: ಕಿವಿ, ಮೂಗು, ಗಂಟಲು. ನಾನು 'ಕಿವಿ' ಎಂಬಲ್ಲಿಗೇ ಓದು ನಿಲ್ಲಿಸಿದೆ.

ಮುಂದಿನ ಶುಕ್ರವಾರ, ಅವರು ಬರುವ ಮೊದಲೇ ವಾದ್ಯದವರನ್ನೆಲ್ಲ ಸುತ್ತ ಸೇರಿಸಿದೆ. "ಮಾಸ್ಟ್ರಿಗೆ ಕಿವಿ ಕೇಳುವುದಿಲ್ಲ. ಪಾಪ, ಹೇಳಿ ನೋಯಿಸುವುದು ಬೇಡ. ಆ ಜಾಗದಲ್ಲಿ ನನ್ನ ಕಮಾನು ನೋಡಿ ನುಡಿಸಿ." ಕರುಣೆಯ ಮಾತಿನಂತೆ ಹೇಳಿದೆ. ಒಳಗೆ ನನಗೆ ಕೊಂಬು ಮೂಡಿತ್ತು. ಇಡೀ ಆರ್ಕೆಸ್ಟ್ರಾ ನನ್ನ ಕಮಾನಿನ ಹಿಂದೆ ಬರತೊಡಗಿದಾಗ ಆದ ಸಂತೋಷವನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಎರಡು ವಾರ ಹಾಗೇ ನಡೆಯಿತು; ನರ್ಸ್ ಹುಡುಗಿ ಹೇಗೋ ಏದುಸಿರಲ್ಲಿ ನಮ್ಮ ಜೊತೆ ಬರುತ್ತಿದ್ದಳು. ಮೂರನೆಯ ವಾರ ಆ ಜಾಗ ಬಂದಾಗ ಮಾಸ್ಟ್ರು ಎರಡೂ ಕೈ ಎತ್ತಿ 'ನಿಲ್ಲಿಸಿ' ಎಂದು ತೋರಿಸಿದರು. ಯಾರೂ ನಿಲ್ಲಿಸಲಿಲ್ಲ. ಅವರು ಹಾಗೆಯೇ ನಿಂತರು. ನಾವು ಸೊಗಸಾಗಿ, ಒಂದು ತಪ್ಪೂ ಇಲ್ಲದೆ, ಹಾಡಿನ ಕೊನೆಯವರೆಗೂ ನುಡಿಸಿದೆವು. ಅವರು ಕೋಲನ್ನು ಮೆಲ್ಲನೆ ಸ್ಟ್ಯಾಂಡಿನ ಮೇಲಿಟ್ಟರು.

"ನಿಲ್ಲಿ ಅಂತ ಕೈ ತೋರಿಸಿದೆ. ಒಬ್ರೂ ನೋಡ್ಲಿಲ್ಲ ಅಲ್ವಾ? ಯಾರನ್ನು ನೋಡ್ತಾ ಇದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಾಯಿ ಬಿಟ್ಟೆ. "ಅಲ್ಲಿ ಸ್ವಲ್ಪ ನಿಧಾನ ಆಗ್ತಿತ್ತು ಮಾಸ್ಟ್ರೆ. ನಿಮಗೆ ಕೇಳಿಸ್ತಾ ಇಲ್ವೇನೋ ಅಂತ..."

ನರ್ಸ್ ಹುಡುಗಿ ತಲೆ ಎತ್ತಿ ಏನೋ ಹೇಳಹೊರಟಳು. ಮಾಸ್ಟ್ರು ಅವಳ ಕಡೆ ನೋಡಿ ಬೇಡ ಎಂಬಂತೆ ಕಣ್ಣು ಮಾಡಿದರು. ಆಮೇಲೆ ನನಗೆ ಹೇಳಿದರು: "ಇರಬಹುದು. ಪ್ರಾಯ ಆಯ್ತಲ್ಲ. ಖಲಾಸ್, ಇನ್ನು ನೀವೇ ನಡೆಸಿ." ತಮ್ಮ ಪುಸ್ತಕವನ್ನು, ಎಲ್ಲ ವಾದ್ಯಗಳ ಸ್ವರವೂ ಬರೆದಿದ್ದ ಅದನ್ನು, ನನಗೆ ಕೊಟ್ಟರು. ಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಪ್ರಸಾದದಂತೆ ಎರಡೂ ಕೈ ಒಡ್ಡಿ ತೆಗೆದುಕೊಂಡೆ.

ಮನೆಗೆ ಬಂದು ಪುಟ ತೆರೆದರೆ ಆ ಜಾಗದಲ್ಲಿ ಪೆನ್ಸಿಲಿನ ಎರಡು ಪದ, ಕನ್ನಡ ಅಕ್ಷರದ ಕೊಂಕಣಿ: 'ತಿಕಾ ರಾಕ್'. ಅವಳಿಗಾಗಿ ಕಾಯು ಎಂದು. ಕಿವುಡು ಮುಚ್ಚಲು ನೆಪ ಬರೆದಿಟ್ಟುಕೊಂಡಿದ್ದಾರೆ ಎಂದುಕೊಂಡೆ. ಮಗಳ ರಬ್ಬರ್ ತಂದು ಅಳಿಸಿಬಿಟ್ಟೆ.

ಪ್ರದರ್ಶನದ ದಿನ ನಾನು ಕಾಯಲಿಲ್ಲ. ಸರಿಯಾಗಿ ಅದೇ ಜಾಗದಲ್ಲಿ ಅವಳ ಉಸಿರು ಮುಗಿದು ದನಿ ಒಡೆಯಿತು. ಮುಂದಿನ ಸಾಲನ್ನು ವಾದ್ಯಗಳಷ್ಟೇ ನುಡಿಸಿದವು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಮಾಸ್ಟ್ರು ನೇರ ಅವಳ ಹತ್ತಿರ ಹೋದರು. "ನಿನ್ನ ತಪ್ಪಲ್ಲ ಮಗಾ" ಎಂದದ್ದು ನನಗೂ ಕೇಳಿಸಿತು. ನನ್ನ ಕೈ ಕುಲುಕಿ, "ತಾಳ ಒಂದು ಕಡೆಯೂ ತಪ್ಪಲಿಲ್ಲ, ವಯಲಿನ್" ಎಂದರು. ಆಗ ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಹದಿನೈದು ದಿನ ಬಿಟ್ಟು ಅವಳು ಫೋನ್ ಮಾಡಿ ಅತ್ತಳು. "ನನ್ನ ಗಂಟಲಲ್ಲಿ ಗಂಟು ಆಗಿತ್ತು ಸರ್. ನಮ್ಮ ಆಸ್ಪತ್ರೆಯಲ್ಲಿ ಗೊತ್ತಾಗ್ಬಾರ್ದು ಅಂತ ಮಾಸ್ಟ್ರೇ ಫಿಂಟಾಸಿಗೆ ಕರ್ಕೊಂಡು ಹೋಗ್ತಿದ್ರು. ಪಾರ್ಟ್ ಕೈ ತಪ್ಪೀತು, ಯಾರಿಗೂ ಹೇಳ್ಬೇಡಿ ಅಂತ ನಾನೇ ಆಣೆ ಹಾಕಿಸಿದ್ದೆ. ನನ್ನಿಂದಾಗಿ ಅವರಿಗೆ ಹೀಗಾಯ್ತು." ನಾನು ಸಮಾಧಾನ ಹೇಳಿದೆ. ರಬ್ಬರಿನ ವಿಷಯ ಹೇಳಲಿಲ್ಲ.

ಅಷ್ಟರಲ್ಲಿ ಮಾಸ್ಟ್ರು ಊರಿಗೆ ಹೊರಟುಹೋಗಿದ್ದರು. ಒಂದೇ ಸಲ ಫೋನ್ ಮಾಡಿದೆ, ಕ್ಷಮೆ ಕೇಳಬೇಕೆಂದೇ. "ಪ್ರಾಕ್ಟೀಸ್ ಉಂಟಾ ವಯಲಿನ್?" ಎಂದರು. ಉಂಟು ಎಂದೆ. ಅಲ್ಲಿ ಮಳೆ ಹೇಗೆ ಎಂದು ಕೇಳಿ ಇಟ್ಟುಬಿಟ್ಟೆ.

ಈ ವರ್ಷ ಅವರು ತೀರಿಕೊಂಡರು. ಆರ್ಕೆಸ್ಟ್ರಾದವರು ಸ್ಮರಣ ಸಂಚಿಕೆಗೆ ನನ್ನಿಂದಲೇ ಬರೆಸಿದರು. 'ವಯಸ್ಸಾದ ಕಾರಣ ಅವರು ಸ್ವಂತ ಇಚ್ಛೆಯಿಂದಲೇ ಕೋಲು ಕೆಳಗಿಟ್ಟು ಕಿರಿಯರಿಗೆ ದಾರಿ ಮಾಡಿಕೊಟ್ಟರು' ಎಂದು ಬರೆದೆ. ಅದು ಸುಳ್ಳು. ಅವರ ಒಂದೇ ಒಂದು ಒಪೆರಾವನ್ನು ಕಿತ್ತುಕೊಂಡವನು ನಾನು.

ಸಂಚಿಕೆ ತಲುಪಿದ ದಿನ ಅವರ ಹೆಂಡತಿ ಮಂಗಳೂರಿನಿಂದ ಫೋನ್ ಮಾಡಿದರು. "ಎಷ್ಟು ಚಂದ ಬರ್ದಿದ್ದೀರಿ! ಇವ್ರಿಗೆ ನೀವಂದ್ರೆ ತುಂಬ ಇಷ್ಟ. ಯಾವಾಗ್ಲೂ ಹೇಳ್ತಿದ್ರು, ನಮ್ಮ ವಯಲಿನ್‌ಗೆ ಕೈ ಒಳ್ಳೇದುಂಟು, ಕಿವಿ ಒಂದು ಬರ್ಬೇಕಷ್ಟೆ, ನಿಧಾನಕ್ಕೆ ಬರ್ತದೆ ಅಂತ."

ಥ್ಯಾಂಕ್ಸ್ ಎಂದೆ. ಅವರು ಇನ್ನೂ ಮಾತಾಡುತ್ತಲೇ ಇದ್ದರು.